ಡಿಜಿಟಲ್ ಡ್ಯಾಶ್ ಡಿಸ್‌ಪ್ಲೇ: ಸೆನ್ಸರ್ ವೇರಿಯಬಲ್ ಮತ್ತು ಅಲಾರಂ ಹೊಂದಿಸಿಕೊಂಡು ಎಂಟು ತಿಂಗಳು ಓಡಿಸಿದ ಮೇಲೆ

ಎಂಟು ತಿಂಗಳ ಹಿಂದೆ ನನ್ನ ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನಿಂದ ಮುಳ್ಳಿನ ಮೀಟರುಗಳನ್ನೆಲ್ಲ ಬಿಚ್ಚಿ, ಅದೇ ಜಾಗದಲ್ಲಿ 7 ಇಂಚಿನ ಡಿಜಿಟಲ್ ಡ್ಯಾಶ್ ಡಿಸ್‌ಪ್ಲೇಯೊಂದನ್ನು ಕೂರಿಸಿದೆ. ಎಂಟು ಅನಲಾಗ್ ಇನ್‌ಪುಟ್, ನಾಲ್ಕು ಪಲ್ಸ್ ಇನ್‌ಪುಟ್, ಎರಡು ಕ್ಯಾನ್ ಬಸ್ (ವಾಹನದ ಸಾಧನಗಳು ಪರಸ್ಪರ ಅಂಕಿ ಕಳುಹಿಸಿಕೊಳ್ಳುವ ತಂತಿ ಜಾಲ) ಹಾಗೂ ಲ್ಯಾಪ್‌ಟಾಪಿನಲ್ಲಿ ಓಡುವ ಕಾನ್ಫಿಗರೇಷನ್ ತಂತ್ರಾಂಶ ಇದರ ಜೊತೆಗೆ ಬರುತ್ತವೆ. ಇಂಥ ಸಾಧನಗಳ ಬಗ್ಗೆ ಬರುವ ವಿಮರ್ಶೆಗಳು ಹೆಚ್ಚಾಗಿ ಪರದೆಯ ಹೊಳಪು, ಮೀಟರಿನ ವಿನ್ಯಾಸ, ಬಣ್ಣಗಳ ಸುತ್ತಲೇ ಸುತ್ತುತ್ತವೆ. ನನ್ನ ಮಟ್ಟಿಗೆ ಡ್ಯಾಶ್‌ನ ಯೋಗ್ಯತೆ ತೀರ್ಮಾನವಾಗುವುದು ಬೇರೆ ಮೂರು ಪ್ರಶ್ನೆಗಳಲ್ಲಿ. ಸೆನ್ಸರಿನಿಂದ ಬಂದ ವೋಲ್ಟೇಜನ್ನು ಅದು ಎಷ್ಟು ನಿಜವಾದ ಅಂಕಿಯಾಗಿ ಬದಲಿಸುತ್ತದೆ? ಆ ಅಂಕಿ ಹದ ತಪ್ಪಿದಾಗ ಸರಿಯಾದ ಹೊತ್ತಿಗೆ ಎಚ್ಚರಿಸುತ್ತದೆಯೇ? ಅಂಕಿಯೇ ಬರದೆ ಹೋದಾಗ, ಬರುತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತದೆಯೇ? ಮೊದಲ ಎರಡರಲ್ಲಿ ಈ ಡಿಸ್‌ಪ್ಲೇ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ. ಮೂರನೆಯದರಲ್ಲಿ, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ, ಅದು ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಹುದಾದಷ್ಟು ತಪ್ಪಾಗಿದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ನಾನು ಕಂಡ ಕೊರತೆ ಈ ಬಗೆಯ ಯಾವ ಸಾಧನವನ್ನು ಕೊಂಡರೂ ಮೊದಲು ಹುಡುಕಿ ನೋಡಬೇಕಾದಂಥದು.

ಪರದೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ನೆತ್ತಿಯ ಬಿಸಿಲಿನಲ್ಲೂ ಅಂಕಿಗಳು ಓದಲು ಸಿಗುತ್ತವೆ, ರಾತ್ರಿ ಹೊಳಪು ತಾನಾಗಿ ಇಳಿಯುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ವೋಲ್ಟೇಜ್ 8ರ ಹತ್ತಿರಕ್ಕೆ ಕುಸಿದರೂ ಪರದೆ ಆರಿ ಹೋಗುವುದಿಲ್ಲ, ಮತ್ತೆ ಮೊದಲಿನಿಂದ ಬೂಟ್ ಆಗುವುದಿಲ್ಲ. ಈ ಕೊನೆಯ ಗುಣ ಚಿಕ್ಕದಾಗಿ ಕಾಣಬಹುದು, ಆದರೆ ಎಂಜಿನ್ ಶುರುವಾದ ಮೊದಲ ಕೆಲವು ಸೆಕೆಂಡುಗಳಲ್ಲೇ ಆಯಿಲ್ ಪ್ರೆಶರ್ ನೋಡಬೇಕಾದ್ದರಿಂದ ಆ ಹೊತ್ತಿಗೆ ಪರದೆ ಎಚ್ಚರವಾಗಿರಲೇಬೇಕು.

ತಂತ್ರಾಂಶದಲ್ಲಿ ಕಣ್ಣಿಗೆ ಕಾಣುವ ಪ್ರತಿಯೊಂದು ಅಂಕಿಯೂ ಒಂದು ವೇರಿಯಬಲ್. ಅದಕ್ಕೊಂದು ಹೆಸರು, ಅದು ಎಲ್ಲಿಂದ ಬರುತ್ತದೆ ಎಂಬ ಮೂಲ, ವೋಲ್ಟೇಜನ್ನು ಅಳತೆಯಾಗಿ ಬದಲಿಸುವ ಕೋಷ್ಟಕ ಅಥವಾ ಸೂತ್ರ, ಯೂನಿಟ್, ಅಂಕಿಯ ಕುಣಿತ ತಗ್ಗಿಸುವ ಫಿಲ್ಟರ್, ಕೆಳಗಿನ ಮತ್ತು ಮೇಲಿನ ಮಿತಿ, ಕೊನೆಯಲ್ಲಿ ಅಂಕಿ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳುವ ಟೈಮ್‌ಔಟ್ ಎಂಬ ಒಂದು ಚೌಕ. ಈ ರಚನೆಯನ್ನು ಮಾಡಿದವರು ಕೆಲಸ ಬಲ್ಲವರು. ಅಳತೆ ಮತ್ತು ಅದನ್ನು ತೋರಿಸುವ ಬಗೆ ಇವೆರಡನ್ನೂ ಅವರು ಬೇರೆ ಬೇರೆ ಇಟ್ಟಿದ್ದಾರೆ. ಆದ್ದರಿಂದ ಆಯಿಲ್ ಪ್ರೆಶರನ್ನು ಒಂದು ಪುಟದಲ್ಲಿ ಬಾರ್‌ನಲ್ಲೂ ಇನ್ನೊಂದು ಪುಟದಲ್ಲಿ ಪಿಎಸ್‌ಐನಲ್ಲೂ ತೋರಿಸಿದರೂ ಅಲಾರಂ ನೋಡುವುದು ಒಂದೇ ಮೂಲ ಅಂಕಿಯನ್ನು. ಯೂನಿಟ್ ಬದಲಿಸಿದ ಕೂಡಲೇ ಅಲಾರಂ ಮಿತಿಗಳು ಅರ್ಥ ಕಳೆದುಕೊಳ್ಳುವ ಸಾಧನಗಳನ್ನು ನಾನು ಬಳಸಿದ್ದೇನೆ; ಅಲ್ಲಿ 1 ಎಂದು ಬರೆದದ್ದು ಬಾರ್ ಆಗಿದ್ದಾಗ ರಕ್ಷಣೆ, ಪಿಎಸ್‌ಐ ಆದಾಗ ಏನೂ ಅಲ್ಲ.

ಮೊದಲು ಹೊಂದಿಸಿದ್ದು ಕೂಲೆಂಟ್ ತಾಪಮಾನ. ನನ್ನ ಸೆನ್ಸರ್ ಬಾಷ್‌ನವರ ಎಂ12 ಎನ್‌ಟಿಸಿ, ಅಂದರೆ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಬಗೆಯದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 2500 ಓಮ್ ಇರುತ್ತದೆ, 60 ಡಿಗ್ರಿಯಲ್ಲಿ 596, 80ರಲ್ಲಿ 323, 100 ಡಿಗ್ರಿಯಲ್ಲಿ 187 ಓಮ್‌ಗೆ ಇಳಿಯುತ್ತದೆ. ಡಿಸ್‌ಪ್ಲೇಯ ಒಳಗಿರುವ 1000 ಓಮ್‌ನ ಪುಲ್‌ಅಪ್ (ಇನ್‌ಪುಟ್ಟನ್ನು 5 ವೋಲ್ಟಿನತ್ತ ಎಳೆಯುವ ರೆಸಿಸ್ಟರ್) ಮೂಲಕ 5 ವೋಲ್ಟ್ ಕೊಟ್ಟಾಗ ಈ ರೆಸಿಸ್ಟೆನ್ಸ್ ವೋಲ್ಟೇಜಾಗಿ ಓದಲು ಸಿಗುತ್ತದೆ: 20 ಡಿಗ್ರಿಯಲ್ಲಿ ಸುಮಾರು 3.57 ವೋಲ್ಟ್, 100 ಡಿಗ್ರಿಯಲ್ಲಿ ಸುಮಾರು 0.79. ಈ ಎರಡು ಬಿಂದುಗಳನ್ನಷ್ಟೇ ಕೋಷ್ಟಕದಲ್ಲಿ ತುಂಬಿ ನಡುವೆ ನೇರ ಗೆರೆ ಎಳೆಯಲು ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ನಿಜವಾಗಿ 60 ಡಿಗ್ರಿ ಇರುವಾಗ ವೋಲ್ಟೇಜ್ 1.87, ಆದರೆ ನೇರ ಗೆರೆಯ ಪ್ರಕಾರ ಪರದೆ 69 ತೋರಿಸುತ್ತದೆ. 80 ಇರುವಾಗ 88ರ ಹತ್ತಿರ ತೋರಿಸುತ್ತದೆ. ಎನ್‌ಟಿಸಿಯ ಗೆರೆ ಬಾಗಿದ್ದು, ಆ ಬಾಗನ್ನು ಹಿಡಿಯಲು ಸಾಕಷ್ಟು ಬಿಂದುಗಳು ಬೇಕು. ಈ ಡಿಸ್‌ಪ್ಲೇ 32 ಬಿಂದುಗಳನ್ನು ಕೊಡುತ್ತದೆ. ನಾನು 80ರಿಂದ 120 ಡಿಗ್ರಿಯವರೆಗೆ ಐದೈದು ಡಿಗ್ರಿಗೊಂದು, ಉಳಿದ ಕಡೆ ಇಪ್ಪತ್ತು ಡಿಗ್ರಿಗೊಂದು ಬಿಂದು ಇಟ್ಟೆ, ಏಕೆಂದರೆ ಎಂಜಿನ್ ಬದುಕುವುದೂ ಸಾಯುವುದೂ ಆ ನಲವತ್ತು ಡಿಗ್ರಿಗಳ ನಡುವೆ.

ಕೋಷ್ಟಕ ತುಂಬಿದ ಮೇಲೆ ಅದನ್ನು ನಂಬಿ ಸುಮ್ಮನಾಗಲಿಲ್ಲ. ಸೆನ್ಸರನ್ನು ಬಿಚ್ಚಿ ತಂತಿ ಸಮೇತ ಒಂದು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟೆ, ಪಕ್ಕದಲ್ಲೇ ಥರ್ಮಾಮೀಟರ್ ತೂಗುಹಾಕಿದೆ, ಎರಡೂ ತಳಕ್ಕೆ ತಾಗದಂತೆ ನೋಡಿಕೊಂಡೆ. ನೀರು ಕಾಯುತ್ತಾ ಹೋದಂತೆ ಪ್ರತಿ ಹತ್ತು ಡಿಗ್ರಿಗೊಮ್ಮೆ ಉರಿ ಇಳಿಸಿ, ಕಲಕಿ, ಎರಡೂ ನಿಂತ ಮೇಲೆ ಬರೆದುಕೊಂಡೆ. 40ರಿಂದ ಮೇಲೆ ಎಲ್ಲಿಯೂ ಒಂದೂವರೆ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಪರದೆಯ ಒಂದು ಮೂಲೆಯಲ್ಲಿ ಆಯಾ ಇನ್‌ಪುಟ್‌ನ ಹಸಿ, ಅಂದರೆ ಇನ್ನೂ ಅಳತೆಯಾಗಿ ಬದಲಿಸದ, ವೋಲ್ಟೇಜನ್ನು ನೇರವಾಗಿ ತೋರಿಸುವ ಸೌಲಭ್ಯ ಇರುವುದರಿಂದ ಈ ಕೆಲಸಕ್ಕೆ ಮಲ್ಟಿಮೀಟರ್ ಕೂಡ ಬೇಕಾಗಲಿಲ್ಲ. ಹಸಿ ವೋಲ್ಟೇಜ್ ತೋರಿಸದ ಡ್ಯಾಶ್ ಡಿಸ್‌ಪ್ಲೇಯನ್ನು ಯಾರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಸೆನ್ಸರಿನದೋ, ತಂತಿಯದೋ, ಕೋಷ್ಟಕದ್ದೋ ಎಂದು ಬೇರ್ಪಡಿಸಲು ಬೇರೆ ದಾರಿಯೇ ಇರುವುದಿಲ್ಲ.

ಆಯಿಲ್ ಪ್ರೆಶರ್ ಸೆನ್ಸರಿನ ಲೆಕ್ಕ ಇದಕ್ಕಿಂತ ಸರಳ. 0ರಿಂದ 10 ಬಾರ್‌ವರೆಗಿನ ಒತ್ತಡಕ್ಕೆ ಅದು 0.5ರಿಂದ 4.5 ವೋಲ್ಟ್ ಕೊಡುತ್ತದೆ. ವೋಲ್ಟೇಜಿನಲ್ಲಿ 0.5 ಕಳೆದು 2.5ರಿಂದ ಗುಣಿಸಿದರೆ ಬಾರ್ ಸಿಗುತ್ತದೆ, 1.7 ವೋಲ್ಟ್ ಎಂದರೆ 3 ಬಾರ್. ತೊಂದರೆ ಬಂದದ್ದು ಲೆಕ್ಕದಲ್ಲಲ್ಲ, ಅರ್ತಿಂಗ್‌ನಲ್ಲಿ. ರೇಡಿಯೇಟರ್ ಫ್ಯಾನ್ ಶುರುವಾದಾಗಲೆಲ್ಲ ಆಯಿಲ್ ಪ್ರೆಶರ್ 0.2 ಬಾರ್ ಏರುತ್ತಿತ್ತು, ಫ್ಯಾನ್ ನಿಂತೊಡನೆ ಇಳಿಯುತ್ತಿತ್ತು. ಫ್ಯಾನಿಗೂ ಎಣ್ಣೆಗೂ ಸಂಬಂಧವಿಲ್ಲ. ನಾನು ಸೆನ್ಸರಿನ ಅರ್ತ್ ತಂತಿಯನ್ನು ಫ್ಯಾನಿನ ಅರ್ತ್ ಬಿಗಿದಿದ್ದ ಬೋಲ್ಟಿಗೇ ಸೇರಿಸಿದ್ದೆ. ಫ್ಯಾನ್ ಎಳೆಯುವ ಕರೆಂಟಿನಿಂದ ಆ ಬಿಂದು ಡಿಸ್‌ಪ್ಲೇಯ ಅರ್ತ್‌ಗಿಂತ 0.08 ವೋಲ್ಟ್ ಮೇಲೇರುತ್ತಿತ್ತು, ಅದು 2.5ರಿಂದ ಗುಣಿಸಿಕೊಂಡು 0.2 ಬಾರ್ ಆಗಿ ಪರದೆಯ ಮೇಲೆ ಬರುತ್ತಿತ್ತು. ತಂತಿಯನ್ನು ಅಲ್ಲಿಂದ ಬಿಚ್ಚಿ ಡಿಸ್‌ಪ್ಲೇಯ ಸೆನ್ಸರ್ ಅರ್ತ್ ಪಿನ್ನಿಗೆ ತಂದ ದಿನ ಆ ಏರಿಳಿತ ನಿಂತಿತು. ಕೈಪಿಡಿಯಲ್ಲಿ ಈ ವಿಷಯಕ್ಕೆ ಒಂದೇ ಸಾಲು ಇದೆ, ಅದೂ ಪಿನ್ ಪಟ್ಟಿಯ ಅಡಿಯಲ್ಲಿ. ಕಡೇ ಪಕ್ಷ ಒಂದು ಪುಟವಾದರೂ ಇರಬೇಕಿತ್ತು.

ಪೆಟ್ರೋಲ್ ಮಟ್ಟಕ್ಕೆ ಸೂತ್ರವೇ ಇಲ್ಲ, ಅಳೆದೇ ತಿಳಿಯಬೇಕು. ನನ್ನ ಟ್ಯಾಂಕಿನ ಫ್ಲೋಟ್ ಖಾಲಿಯಾದಾಗ 240 ಓಮ್, ತುಂಬಿದಾಗ 33 ಓಮ್ ಕೊಡುವ ಬಗೆಯದು. ಆದರೆ ಟ್ಯಾಂಕಿನ ತಳ ಕಿರಿದಾಗಿ ಮೇಲ್ಭಾಗ ಅಗಲವಾಗಿರುವುದರಿಂದ ಓಮ್ ನಡುಮಟ್ಟಕ್ಕೆ ಬಂದರೆ ಅರ್ಧ ಟ್ಯಾಂಕ್ ಎಂದಲ್ಲ. ಟ್ಯಾಂಕನ್ನು ಬರಿದು ಮಾಡಿ, ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಐದೈದು ಲೀಟರ್ ಸುರಿದು ಪ್ರತಿ ಸಲವೂ ವೋಲ್ಟೇಜ್ ಬರೆದುಕೊಂಡೆ. ಒಂದು ಮಧ್ಯಾಹ್ನ ಅದಕ್ಕೇ ಹೋಯಿತು, ಈಗ ಮೀಟರ್ ಲೀಟರಿನಲ್ಲಿ ನಿಜ ಹೇಳುತ್ತದೆ. ತಿರುವಿನಲ್ಲಿ ಪೆಟ್ರೋಲ್ ಅಲುಗಿ ಅಂಕಿ ಕುಣಿಯದಂತೆ ಈ ವೇರಿಯಬಲ್‌ಗೆ 25 ಸೆಕೆಂಡಿನ ಫಿಲ್ಟರ್ ಹಾಕಿದ್ದೇನೆ.

ಫಿಲ್ಟರ್ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪೆಟ್ರೋಲಿಗೆ 25 ಸೆಕೆಂಡ್ ಒಳ್ಳೆಯದಾದರೆ ಆಯಿಲ್ ಪ್ರೆಶರಿಗೆ ಒಂದು ಸೆಕೆಂಡೂ ಹೆಚ್ಚು. ಈ ಡಿಸ್‌ಪ್ಲೇ ಎಲ್ಲ ಅನಲಾಗ್ ವೇರಿಯಬಲ್‌ಗಳಿಗೂ ತಾನಾಗಿ ಎರಡು ಸೆಕೆಂಡಿನ ಫಿಲ್ಟರ್ ಹಾಕಿಕೊಂಡು ಬರುತ್ತದೆ. ಅಂಕಿಗಳು ಆಗ ಶಾಂತವಾಗಿ, ನೋಡಲು ಚೆಂದವಾಗಿ ಇರುತ್ತವೆ. ಆದರೆ ಜೋರಾದ ತಿರುವಿನಲ್ಲಿ ಎಣ್ಣೆ ಸಂಪಿನ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ) ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದಾಗ ಒತ್ತಡ ಅರ್ಧ ಸೆಕೆಂಡ್ ಕುಸಿದು ಮತ್ತೆ ಏಳುತ್ತದೆ. ಬೇರಿಂಗಿಗೆ ಪೆಟ್ಟು ಬೀಳುವುದು ಆ ಅರ್ಧ ಸೆಕೆಂಡಿನಲ್ಲಿ, ಎರಡು ಸೆಕೆಂಡಿನ ಫಿಲ್ಟರ್ ಅಳಿಸಿ ಹಾಕುವುದೂ ಅದನ್ನೇ. ಇದಕ್ಕೆ ತಯಾರಕರು ಕೊಟ್ಟಿರುವ ಪರಿಹಾರ ನಿಜಕ್ಕೂ ಮೆಚ್ಚುವಂಥದು. ಅಲಾರಂ ಹೊಂದಿಸುವಾಗ ಅದು ಫಿಲ್ಟರ್ ಆದ ಅಂಕಿಯನ್ನು ನೋಡಬೇಕೋ ಹಸಿ ಅಂಕಿಯನ್ನು ನೋಡಬೇಕೋ ಎಂದು ಆಯ್ದುಕೊಳ್ಳಬಹುದು. ಕಣ್ಣಿಗೆ ನಿಧಾನದ ಅಂಕಿ, ಅಲಾರಂಗೆ ಚುರುಕಿನ ಅಂಕಿ. ನಾನು ಪ್ರೆಶರ್‌ಗಳಿಗೆಲ್ಲ ಹಾಗೆಯೇ ಮಾಡಿದ್ದೇನೆ.

ಇನ್ನು ಕ್ಯಾನ್ ಬಸ್. 1986ರಲ್ಲಿ ಬಾಷ್ ಕಂಪನಿ ಜಗತ್ತಿಗೆ ಪರಿಚಯಿಸಿದ ಈ ವ್ಯವಸ್ಥೆಯಲ್ಲಿ ಎರಡು ತಂತಿಗಳ ಮೇಲೆ ಎಲ್ಲ ಅಳತೆಗಳೂ ಸಂದೇಶಗಳಾಗಿ ಹರಿಯುತ್ತವೆ. ಎಂಜಿನ್ನಿಗೆ ನಾನು ಮೊದಲೇ ಹಾಕಿಸಿದ್ದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಆರ್‌ಪಿಎಂ, ಥ್ರಾಟಲ್, ಮ್ಯಾನಿಫೋಲ್ಡ್ ಪ್ರೆಶರ್, ಬ್ಯಾಟರಿ ವೋಲ್ಟೇಜ್ ಮುಂತಾದವನ್ನು ಹೀಗೆಯೇ ಕಳುಹಿಸುತ್ತದೆ. ಪ್ರತಿ ಅಂಕಿಗೂ ಸಂದೇಶದ ಐಡಿ, ಅದು ಯಾವ ಬೈಟಿನಿಂದ ಶುರುವಾಗುತ್ತದೆ, ಎಷ್ಟು ಬಿಟ್ ಉದ್ದ, ಬೈಟುಗಳ ಕ್ರಮ ಇಂಟೆಲ್ ಬಗೆಯದೋ ಮೊಟೊರೊಲಾ ಬಗೆಯದೋ, ಋಣ ಚಿಹ್ನೆ ಇದೆಯೋ ಇಲ್ಲವೋ, ಯಾವುದರಿಂದ ಗುಣಿಸಬೇಕು, ಏನನ್ನು ಕೂಡಬೇಕು ಎಂಬುದನ್ನು ತುಂಬಬೇಕು. ಬೈಟ್ ಕ್ರಮ ತಪ್ಪಿದರೆ ಆರ್‌ಪಿಎಂ ಸ್ವಲ್ಪ ತಪ್ಪಾಗಿ ಬರುವುದಿಲ್ಲ, ಹುಚ್ಚುಹುಚ್ಚಾಗಿ ಹಾರುತ್ತದೆ, ಹಾಗಾಗಿ ಆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಗುಣಕದ ತಪ್ಪು ಮಾತ್ರ ಮೋಸ ಮಾಡುತ್ತದೆ, ಏಕೆಂದರೆ ಅಂಕಿ ನಂಬುವಂತೆಯೇ ಇರುತ್ತದೆ. ತಾಪಮಾನಗಳಲ್ಲಿ ಮೈನಸ್ 40 ಎಂಬ ಕೂಡಿಕೆಯನ್ನು ಮರೆತರೆ 90 ಡಿಗ್ರಿಯ ಎಂಜಿನ್ 130 ಎಂದು ತೋರಿಸಿ ಗಾಬರಿಗೊಳಿಸುತ್ತದೆ. ಈ ವಿವರಗಳೆಲ್ಲ ಇರುವ ಡಿಬಿಸಿ ಫೈಲ್ ಇದ್ದರೆ ಇದನ್ನೆಲ್ಲ ಒಂದೇ ಸಲಕ್ಕೆ ಒಳಗೆ ಸೇರಿಸಿಕೊಳ್ಳಬಹುದು, ಮತ್ತು ಆ ಕೆಲಸವನ್ನು ತಂತ್ರಾಂಶ ಒಂದೂ ತಪ್ಪಿಲ್ಲದೆ ಮಾಡಿತು. ಬಸ್ಸಿನಲ್ಲಿ ಏನೂ ಬರದಿದ್ದರೆ ಮೊದಲು ಪವರ್ ತೆಗೆದು ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಎರಡು ತುದಿಯಲ್ಲಿಯೂ 120 ಓಮ್ ಇದ್ದರೆ 60 ಸಿಗಬೇಕು. 120 ಸಿಕ್ಕರೆ ಒಂದು ತುದಿಯ ರೆಸಿಸ್ಟರ್ ಇಲ್ಲ ಎಂದರ್ಥ.

ಕಾರಿನ ದೋಷ ಪತ್ತೆಗೆಂದು ಇರುವ ಮಾಮೂಲಿ ಒಬಿಡಿ ಪೋರ್ಟಿನಿಂದಲೂ ಈ ಡಿಸ್‌ಪ್ಲೇ ಓದುತ್ತದೆ, ಹೊಸ ಕಾರುಗಳವರಿಗೆ ಅದು ಸುಲಭದ ದಾರಿ. ಆದರೆ ಅಲ್ಲಿ ಪ್ರತಿ ಅಂಕಿಯನ್ನೂ ಕೇಳಿ ಪಡೆಯಬೇಕಾದ್ದರಿಂದ ವೇರಿಯಬಲ್ ಹೆಚ್ಚಾದಷ್ಟೂ ಪ್ರತಿಯೊಂದೂ ನಿಧಾನವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾಮಾನ್ಯ ಒಬಿಡಿ ಪಟ್ಟಿಯಲ್ಲಿ ಕೂಲೆಂಟ್ ತಾಪವೂ ಎಣ್ಣೆಯ ತಾಪವೂ ಇವೆ, ಆಯಿಲ್ ಪ್ರೆಶರ್ ಮಾತ್ರ ಇಲ್ಲ. ಎಂಜಿನ್ ರಕ್ಷಣೆಗಾಗಿ ಡ್ಯಾಶ್ ಕೊಳ್ಳುವವರು ಒಬಿಡಿ ಒಂದನ್ನೇ ನೆಚ್ಚಿಕೊಳ್ಳದೆ ಪ್ರತ್ಯೇಕ ಪ್ರೆಶರ್ ಸೆನ್ಸರ್ ಹಾಕಿಸಲೇಬೇಕು.

ಅಲಾರಂ ವಿಭಾಗಕ್ಕೆ ಬಂದರೆ, ಈ ಸಾಧನದ ಅತಿ ಒಳ್ಳೆಯದೂ ಅತಿ ಕೆಟ್ಟದೂ ಎರಡೂ ಇಲ್ಲೇ ಇವೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಅಗ್ಗದ ಡಿಸ್‌ಪ್ಲೇಗಳಲ್ಲಿ ಅಲಾರಂ ಎಂದರೆ ಒಂದು ಅಂಕಿ ಮತ್ತು ಒಂದು ಬೀಪ್. ಕೂಲೆಂಟ್ 105 ದಾಟಿದರೆ ಕೂಗು, ಇಳಿದರೆ ಸುಮ್ಮನಿರು. ಎಂಜಿನ್ 104 ಮತ್ತು 105ರ ನಡುವೆ ಓಲಾಡುತ್ತಿದ್ದರೆ ಆ ಬೀಪ್ ಬಂದು ಹೋಗಿ ಬಂದು ಹೋಗಿ, ಕೊನೆಗೆ ಓಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾರೆ. ಈ ಡಿಸ್‌ಪ್ಲೇಯಲ್ಲಿ ಅಲಾರಂ ಹೊತ್ತಿಕೊಳ್ಳುವ ಮಿತಿ, ಆರುವ ಮಿತಿ, ಎಷ್ಟು ಹೊತ್ತು ಮಿತಿ ಮೀರಿರಬೇಕು, ಯಾವ ಯಾವ ಷರತ್ತುಗಳು ಜೊತೆಗೆ ಕೂಡಿರಬೇಕು, ಬಟನ್ ಒತ್ತಿ ಒಪ್ಪಿಕೊಳ್ಳುವವರೆಗೆ ನಿಲ್ಲಬೇಕೋ ತಾನಾಗಿ ಹೋಗಬೇಕೋ ಎಂಬ ಎಲ್ಲವನ್ನೂ ಬೇರೆಬೇರೆಯಾಗಿ ಹೇಳಬಹುದು. ನನ್ನ ಕೂಲೆಂಟ್ ಅಲಾರಂ 105ಕ್ಕೆ ಹೊತ್ತಿ 100ಕ್ಕೆ ಆರುತ್ತದೆ, ಐದು ಸೆಕೆಂಡ್ ಸತತವಾಗಿ ಮೀರಿದ್ದರೆ ಮಾತ್ರ. ಬ್ಯಾಟರಿ ಅಲಾರಂ 13 ವೋಲ್ಟ್‌ಗಿಂತ ಕೆಳಗಿಳಿದರೆ ಬರುತ್ತದೆ, ಆದರೆ ಎಂಜಿನ್ 1200 ಆರ್‌ಪಿಎಂ ಮೇಲಿದ್ದು ಹತ್ತು ಸೆಕೆಂಡ್ ಕಳೆದಿದ್ದರೆ ಮಾತ್ರ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಇರುವುದು ಆರೋಗ್ಯವೇ ಹೊರತು ರೋಗವಲ್ಲ.

ಇದರಲ್ಲೆಲ್ಲ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಿತಿಯನ್ನೇ ಒಂದು ಕೋಷ್ಟಕವಾಗಿ ಇಡುವ ಅವಕಾಶ. ಆಯಿಲ್ ಪ್ರೆಶರ್‌ಗೆ ಒಂದೇ ಮಿತಿ ಸಾಲದು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ 1 ಬಾರ್ ಸಾಕು, ಅದೇ 1 ಬಾರ್ 4000 ಆರ್‌ಪಿಎಂನಲ್ಲಿ ಬಂದರೆ ಎಂಜಿನ್ ಹಾಳಾಗುತ್ತಿದೆ ಎಂದರ್ಥ. ಕಂಪನಿ ಹಾಕುವ ಮಾಮೂಲಿ ಕೆಂಪು ದೀಪ ಹೊತ್ತಿಕೊಳ್ಳುವುದು ಒತ್ತಡ ಬಹಳ ಕೆಳಗಿಳಿದ ಮೇಲೆ. ಓಡುತ್ತಿರುವ ಎಂಜಿನ್ನಿಗೆ ಅದು ಎಷ್ಟೋ ಸಲ ತಡವಾದ ಸುದ್ದಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಇರಬೇಕು ಎಂಬ ಹಳೆಯ ಮೆಕ್ಯಾನಿಕ್‌ಗಳ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು, ನನ್ನ ಎಂಜಿನ್ನಿನ ಸಹಜ ಒತ್ತಡವನ್ನು ಎರಡು ವಾರ ಲಾಗ್ ಮಾಡಿ ನೋಡಿ, ಕೋಷ್ಟಕ ಕಟ್ಟಿದೆ. 1000ಕ್ಕೆ 0.7, 2000ಕ್ಕೆ 1.4, 3000ಕ್ಕೆ 2.1, 4000ಕ್ಕೆ 2.8 ಬಾರ್. ಆರ್‌ಪಿಎಂ 500ಕ್ಕಿಂತ ಕೆಳಗಿದ್ದರೆ ಬೀಪ್ ಇಲ್ಲ. ಕಾಯುವ ಸಮಯ 0.3 ಸೆಕೆಂಡ್ ಮಾತ್ರ. ಇಂಥ ಅಲಾರಂ ಕಟ್ಟಲು ಅವಕಾಶ ಕೊಟ್ಟದ್ದಕ್ಕೆ ಈ ಡಿಸ್‌ಪ್ಲೇಯ ತಂತ್ರಾಂಶ ಬರೆದವರಿಗೆ ನಾನು ನಿಜವಾಗಿಯೂ ಕೃತಜ್ಞ.

ಈಗ ಕೆಟ್ಟದ್ದು. ಮೂರನೆಯ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಅರ್ಧ ಗಂಟೆ ಓಡಿಸಿದ ಮೇಲೆ ಕೂಲೆಂಟ್ ಅಂಕಿಯ ಮೇಲೆ ಕಣ್ಣು ಬಿತ್ತು. ಮೈನಸ್ 40 ಎಂದು ತೋರಿಸುತ್ತಿತ್ತು. ಸುತ್ತಲಿನ ಹಿನ್ನೆಲೆ ಹಸಿರು. ಒಂದು ಬೀಪ್ ಇಲ್ಲ, ಒಂದು ಸಂದೇಶವಿಲ್ಲ. ಗಾಡಿ ನಿಲ್ಲಿಸಿ ಬಾನೆಟ್ ತೆರೆದು ನೋಡಿದರೆ ಸೆನ್ಸರಿನ ಕನೆಕ್ಟರ್ ಕಳಚಿ ನೇತಾಡುತ್ತಿತ್ತು, ಅದರ ಲಾಕ್ ಮುರಿದಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಆದರೆ ಎಷ್ಟು ಹೊತ್ತಿನಿಂದ ಹಾಗೆ ಓಡಿಸುತ್ತಿದ್ದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ, ಮನೆಗೆ ಬಂದು ಲಾಗ್ ತೆಗೆದಾಗ ಹದಿನಾಲ್ಕು ನಿಮಿಷ ಎಂದು ತಿಳಿಯಿತು. ಆ ಹದಿನಾಲ್ಕು ನಿಮಿಷ ರೇಡಿಯೇಟರ್ ಹೋಸ್ ಒಡೆದಿದ್ದರೂ ಪರದೆ ಹಸಿರಾಗಿಯೇ ಇರುತ್ತಿತ್ತು.

ಕಾರಣ ಸರಳ. ಎನ್‌ಟಿಸಿ ಸೆನ್ಸರಿನ ತಂತಿ ಕಡಿದರೆ ಪುಲ್‌ಅಪ್ ಆ ಇನ್‌ಪುಟ್ಟನ್ನು 5 ವೋಲ್ಟ್‌ವರೆಗೆ ಎಳೆಯುತ್ತದೆ. ಕೋಷ್ಟಕದ ಪ್ರಕಾರ ಹೆಚ್ಚು ವೋಲ್ಟೇಜ್ ಎಂದರೆ ಹೆಚ್ಚು ಚಳಿ, ಹಾಗಾಗಿ ಡಿಸ್‌ಪ್ಲೇ ಕೋಷ್ಟಕದ ಕಟ್ಟಕಡೆಯ ಸಾಲಿಗೆ ಹೋಗಿ ನಿಲ್ಲುತ್ತದೆ. ಅಲಾರಂ ಕಾಯುತ್ತಿರುವುದು 105ಕ್ಕಿಂತ ಮೇಲಿನ ಅಂಕಿಗಾಗಿ, ಅದು ಎಂದೂ ಬರುವುದಿಲ್ಲ. ತಂತಿ ಬಾಡಿಗೆ ತಾಗಿ ಶಾರ್ಟ್ ಆದರೆ ವೋಲ್ಟೇಜ್ ಸೊನ್ನೆಗಿಳಿದು ಅತಿ ಬಿಸಿ ಎಂದು ತೋರಿಸಿ ಅಲಾರಂ ಕೂಗುತ್ತದೆ, ಅದು ಸುಳ್ಳು ಎಚ್ಚರಿಕೆಯಾದರೂ ಗಾಡಿ ನಿಲ್ಲಿಸುವಂತೆ ಮಾಡುತ್ತದೆ. ಕನೆಕ್ಟರ್ ಕಳಚುವುದು, ತಂತಿ ಕಡಿಯುವುದು ಶಾರ್ಟ್ ಆಗುವುದಕ್ಕಿಂತ ಎಷ್ಟೋ ಸಾಮಾನ್ಯ; ಅದೇ ಮೌನವಾಗಿ ನಡೆದುಹೋಗುತ್ತದೆ. ಪ್ರೆಶರ್ ಸೆನ್ಸರಿನಲ್ಲಿಯೂ ಇದೇ ಕಥೆ ಬೇರೆ ರೂಪದಲ್ಲಿದೆ. ಈ ಡಿಸ್‌ಪ್ಲೇಯ ಎಲ್ಲ ಇನ್‌ಪುಟ್‌ಗಳಿಗೂ ಪುಲ್‌ಅಪ್ ಮೊದಲಿನಿಂದಲೇ ಆನ್ ಆಗಿರುತ್ತದೆ, ಹಾಗಾಗಿ ಪ್ರೆಶರ್ ಸೆನ್ಸರಿನ ಸಿಗ್ನಲ್ ತಂತಿ ಕಡಿದರೆ 5 ವೋಲ್ಟ್ ಬಂದು ಆಯಿಲ್ ಪ್ರೆಶರ್ 10 ಬಾರ್‌ಗಿಂತ ಮೇಲೆ, ಅಂದರೆ ಅತ್ಯುತ್ತಮ ಎಂದು ತೋರುತ್ತದೆ. ಆ ಇನ್‌ಪುಟ್‌ಗೆ ಪುಲ್‌ಅಪ್ ತೆಗೆದು ಸೊನ್ನೆಯತ್ತ ಎಳೆಯುವ ಪುಲ್‌ಡೌನ್ ಹಾಕಿದರೆ ತಂತಿ ಕಡಿದಾಗ ವೋಲ್ಟೇಜ್ ಸೊನ್ನೆಗೆ ಬರುತ್ತದೆ, ಲೆಕ್ಕದಲ್ಲಿ ಮೈನಸ್ 1.25 ಬಾರ್ ಆಗುತ್ತದೆ, ಅಲಾರಂ ಕೂಗುತ್ತದೆ. ಒಂದು ಟಿಕ್ ಗುರುತಿನ ವ್ಯತ್ಯಾಸ. ಕೈಪಿಡಿಯಲ್ಲಿ ಇದರ ಪ್ರಸ್ತಾಪವೇ ಇಲ್ಲ.

ಅಷ್ಟಾದ ಮೇಲೆ ಕ್ಯಾನ್ ಬಸ್ಸನ್ನೂ ಪರೀಕ್ಷಿಸಬೇಕೆನಿಸಿತು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಡಿಸ್‌ಪ್ಲೇಯ ಹಿಂದಿನಿಂದ ಕ್ಯಾನ್ ಕನೆಕ್ಟರ್ ಕಿತ್ತೆ. ಆರ್‌ಪಿಎಂ 870ರಲ್ಲಿ ನಿಂತಿತು, ಬ್ಯಾಟರಿ 14.1ರಲ್ಲಿ ನಿಂತಿತು. ಎಂಜಿನ್ ಆಫ್ ಮಾಡಿದೆ. ಕಾರು ಪೂರ್ತಿ ನಿಶ್ಶಬ್ದವಾಗಿರುವಾಗಲೂ ಪರದೆ 870 ಆರ್‌ಪಿಎಂ ಎನ್ನುತ್ತಲೇ ಇತ್ತು. ಮೊದಲು ಹೇಳಿದ ಟೈಮ್‌ಔಟ್ ಎಂಬ ಚೌಕದಲ್ಲಿ ಸೊನ್ನೆ ಇತ್ತು, ಸೊನ್ನೆ ಎಂದರೆ ಇಲ್ಲಿ ಎಂದೆಂದಿಗೂ ಕಾಯು, ಕೊನೆಯ ಅಂಕಿಯನ್ನೇ ಹಿಡಿದುಕೊಂಡಿರು ಎಂದರ್ಥ. ಇದು ಹೊಂದಿಸುವವರ ಕಣ್ತಪ್ಪಲ್ಲ, ಕಾರ್ಖಾನೆಯವರು ಆಯ್ದುಕೊಂಡ ಆರಂಭದ ಅಂಕಿ. ಬೇರೆ ಕಡೆ ಇಷ್ಟು ಎಚ್ಚರದಿಂದ ಕೆಲಸ ಮಾಡಿದವರು ಇಲ್ಲಿ ಹೀಗೆ ಬಿಟ್ಟದ್ದು ನನಗೆ ನೋವಿನ ಸಂಗತಿಯಾಗಿದೆ. ಲಾರಿ ಮತ್ತು ದೊಡ್ಡ ಯಂತ್ರಗಳಲ್ಲಿ ಬಳಸುವ ಜೆ1939 ಕ್ರಮದಲ್ಲಿ ಒಂದು ಬೈಟಿನ ಅಳತೆಗೆ 255 ಬಂದರೆ ಅಂಕಿ ಲಭ್ಯವಿಲ್ಲ, 254 ಬಂದರೆ ಸೆನ್ಸರ್ ಕೆಟ್ಟಿದೆ ಎಂದು ಹೇಳುವ ಸಂಪ್ರದಾಯವೇ ಇದೆ. ಇಲ್ಲ ಎಂಬುದನ್ನು ಹೇಳುವ ಭಾಷೆ ವಾಹನಲೋಕದಲ್ಲಿ ಬಹಳ ಕಾಲದಿಂದ ಇದೆ, ಈ ಡಿಸ್‌ಪ್ಲೇ ಅದನ್ನು ಬಳಸಬೇಕಿತ್ತು ಅಷ್ಟೇ. ಈಗಿನ ಸ್ಥಿತಿಯಲ್ಲಿ ಅದು ಆ 255ರಿಂದ 40 ಕಳೆದು 215 ಡಿಗ್ರಿ ಎಂದು ಬರೆಯುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಇದನ್ನೆಲ್ಲ ನಾವೇ ಸರಿಪಡಿಸಿಕೊಳ್ಳಬಹುದು, ಅದಕ್ಕೆ ಬೇಕಾದ ಉಪಕರಣಗಳು ತಂತ್ರಾಂಶದಲ್ಲೇ ಇವೆ. ಕೂಲೆಂಟ್ ಇನ್‌ಪುಟ್‌ನ ಹಸಿ ವೋಲ್ಟೇಜನ್ನೇ ಬೇರೊಂದು ವೇರಿಯಬಲ್ ಮಾಡಿ, ಅದು 4.9 ವೋಲ್ಟ್‌ಗಿಂತ ಮೇಲೆ ಅಥವಾ 0.1 ವೋಲ್ಟ್‌ಗಿಂತ ಕೆಳಗೆ ಹೋದರೆ ಸೆನ್ಸರ್ ದೋಷ ಎಂಬ ಅಲಾರಂ ಕಟ್ಟಿದೆ. ಪ್ರೆಶರ್‌ಗೆ ಅದೇ ರೀತಿ 0.3ಕ್ಕಿಂತ ಕೆಳಗೆ, 4.7ಕ್ಕಿಂತ ಮೇಲೆ. ಕ್ಯಾನ್ ಅಂಕಿಗಳಲ್ಲಿ ಆರ್‌ಪಿಎಂನಂಥ ಬೇಗ ಬರುವವಕ್ಕೆ ಅರ್ಧ ಸೆಕೆಂಡ್, ಸೆಕೆಂಡಿಗೊಮ್ಮೆ ಬರುವ ತಾಪಮಾನಗಳಿಗೆ ಮೂರು ಸೆಕೆಂಡ್ ಟೈಮ್‌ಔಟ್ ಕೊಟ್ಟೆ, ಮೀರಿದರೆ ಅಂಕಿಯ ಜಾಗದಲ್ಲಿ ಎರಡು ಅಡ್ಡಗೆರೆ ಬರುವಂತೆ ಮಾಡಿದೆ. ಎಂಟು ವೇರಿಯಬಲ್‌ಗಳಿಗೆ ಹೀಗೆ ಮಾಡಲು ಸುಮಾರು ಎರಡು ಗಂಟೆ ಬೇಕಾಯಿತು, ಅಲಾರಂಗಳಿಗೆಂದು ಇರುವ 40 ಸ್ಥಾನಗಳಲ್ಲಿ ಹದಿನಾರು ಇದಕ್ಕೇ ಖರ್ಚಾದವು. ಪ್ರತಿ ಅನಲಾಗ್ ವೇರಿಯಬಲ್‌ಗೂ ದೋಷದ ಮಿತಿ ಎಂಬ ಎರಡು ಚೌಕಗಳನ್ನು ತಯಾರಕರೇ ಇಟ್ಟಿದ್ದರೆ ಎರಡು ನಿಮಿಷದ ಕೆಲಸವಾಗುತ್ತಿತ್ತು. ಅವರಿಗೆ ಇದನ್ನು ವಿವರವಾಗಿ ಬರೆದಿದ್ದೇನೆ, ಮುಂದಿನ ಫರ್ಮ್‌ವೇರ್‌ನಲ್ಲಿ (ಸಾಧನದ ಒಳಗೆ ಓಡುವ ತಂತ್ರಾಂಶದಲ್ಲಿ) ಪರಿಶೀಲಿಸುವುದಾಗಿ ಉತ್ತರ ಬಂದಿದೆ. ಇದನ್ನು ಬರೆಯುವ ಹೊತ್ತಿಗೆ ಆ ಫರ್ಮ್‌ವೇರ್ ಬಂದಿಲ್ಲ.

ಕೂಲೆಂಟ್ ವಿಷಯದಲ್ಲಿ ಇನ್ನೊಂದು ಮಾತು, ಇದು ಈ ಡಿಸ್‌ಪ್ಲೇಯ ತಪ್ಪಲ್ಲ. ಸೆನ್ಸರ್ ಸರಿಯಿದ್ದು, ತಂತಿ ಸರಿಯಿದ್ದು, ಅಲಾರಂ ಸರಿಯಿದ್ದರೂ ನೀರು ಪೂರ್ತಿ ಸೋರಿಹೋದರೆ ತಾಪಮಾನದ ಅಂಕಿ ನೆಚ್ಚುವಂತಿರುವುದಿಲ್ಲ. ಸೆನ್ಸರಿನ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದು ಎಂಜಿನ್ನಿನ ಬಿಸಿಯನ್ನು ಸರಿಯಾಗಿ ಅಳೆಯುತ್ತದೆ; ಗಾಳಿಯಲ್ಲಿ ನಿಂತಾಗ ಸಿಲಿಂಡರ್ ಹೆಡ್ ಸುಡುತ್ತಿದ್ದರೂ ಅಂಕಿ ಹಿಂದೆ ಬೀಳಬಹುದು. ಉಳಿದಿದ್ದ ಒಂದು ಇನ್‌ಪುಟ್‌ಗೆ ಕೂಲೆಂಟ್ ಪ್ರೆಶರ್ ಸೆನ್ಸರ್ ಹಾಕಿ, ತಾಪಮಾನ 85 ದಾಟಿದ ಮೇಲೂ ಒತ್ತಡ ಏರದಿದ್ದರೆ ಅಥವಾ ಓಡುತ್ತಿರುವಾಗ ತಟ್ಟನೆ ಇಳಿದರೆ ಎಚ್ಚರಿಸುವಂತೆ ಮಾಡಿದ್ದೇನೆ. ಐದನೆಯ ತಿಂಗಳಲ್ಲಿ ಹೀಟರ್ ಹೋಸಿನ ಕ್ಲಿಪ್ ಸಡಿಲವಾದಾಗ ಮೊದಲು ಕೂಗಿದ್ದು ಈ ಅಲಾರಂ. ತಾಪಮಾನ ಆಗ 91 ಡಿಗ್ರಿ, ಪೂರ್ತಿ ಸಹಜ. ಗಾಡಿ ಬದಿಗೆ ನಿಲ್ಲಿಸಿ ಬಾನೆಟ್ ಎತ್ತುವಾಗ ಕ್ಲಿಪ್ಪಿನ ಬಳಿಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಒಂದು ಸ್ಕ್ರೂಡ್ರೈವರ್, ತಣಿಯಲು ಬಿಟ್ಟ ಮುಕ್ಕಾಲು ಗಂಟೆ ಮತ್ತು ಒಂದೂವರೆ ಲೀಟರ್ ನೀರಿನಲ್ಲಿ ಕೆಲಸ ಮುಗಿಯಿತು.

ಅಲಾರಂಗಳ ಆದ್ಯತೆಯನ್ನು ಮೂರು ಹಂತಗಳಲ್ಲಿ ಇಡಬಹುದು. ವಾಹನಗಳ ಸೂಚಕ ದೀಪಗಳಿಗೆಂದೇ ಇರುವ ಐಎಸ್‌ಒ 2575 ಮಾನದಂಡದಲ್ಲಿ ಕೆಂಪು ಅಪಾಯಕ್ಕೆ, ಹಳದಿ ಎಚ್ಚರಿಕೆಗೆ ಎಂಬ ರೂಢಿಯಿದೆ, ನಾನೂ ಅದನ್ನೇ ಅನುಸರಿಸಿದ್ದೇನೆ. ಕೆಂಪು ನನ್ನಲ್ಲಿ ಮೂರೇ: ಆಯಿಲ್ ಪ್ರೆಶರ್, ಕೂಲೆಂಟ್ ತಾಪ, ಕೂಲೆಂಟ್ ಒತ್ತಡ. ಗಾಡಿಯನ್ನು ಈಗಲೇ ನಿಲ್ಲಿಸಬೇಕಾದ ಸಂಗತಿಗಳಿಗೆ ಮಾತ್ರ ಶಬ್ದ ಇಟ್ಟಿದ್ದೇನೆ. ಉಳಿದವು ಹಳದಿ ಪಟ್ಟಿಯಾಗಿ ಬಂದು ನಿಲ್ಲುತ್ತವೆ. ಕೆಂಪು ಬಂದಾಗ ಪರದೆಯ ಯಾವ ಪುಟದಲ್ಲಿದ್ದರೂ ಆ ಅಂಕಿ ದೊಡ್ಡದಾಗಿ ಮುಂದೆ ಬರುತ್ತದೆ, ಬಟನ್ ಒತ್ತಿದರೆ ಶಬ್ದ ನಿಲ್ಲುತ್ತದೆ ಹೊರತು ಕೆಂಪು ಹೋಗುವುದಿಲ್ಲ. ಈ ನಡವಳಿಕೆ ಬಹಳ ಸರಿಯಾಗಿದೆ. ಅಲಾರಂ ಬಂದ ಕ್ಷಣದ ಎಲ್ಲ ಅಂಕಿಗಳನ್ನೂ ಹಿಂದಿನ ಹತ್ತು ಸೆಕೆಂಡ್ ಸಮೇತ ಉಳಿಸಿಡುವುದೂ ಇದರ ದೊಡ್ಡ ಗುಣ.

ಒಟ್ಟಿನಲ್ಲಿ ಕೊಳ್ಳಬಹುದೇ ಎಂದು ಕೇಳಿದರೆ, ಕೂತು ಹೊಂದಿಸುವ ತಾಳ್ಮೆ ಇರುವವರಿಗೆ ಖಂಡಿತ ಕೊಳ್ಳಿ ಎನ್ನುತ್ತೇನೆ. ಪೆಟ್ಟಿಗೆಯಿಂದ ತೆಗೆದು ತಂತಿ ಜೋಡಿಸಿ ಹಾಗೆಯೇ ಓಡಿಸುವ ಯೋಚನೆಯಿದ್ದರೆ, ಈ ಫರ್ಮ್‌ವೇರ್ ಇರುವವರೆಗೆ ಬೇಡ. ಹೊಂದಿಸಿದ ಮೇಲೆ ಪ್ರತಿ ಸೆನ್ಸರಿನ ಕನೆಕ್ಟರನ್ನೂ ಒಂದೊಂದಾಗಿ ಕಿತ್ತು, ಪರದೆ ಏನು ಹೇಳುತ್ತದೆ ಎಂದು ನೋಡಿ. ಸೆನ್ಸರಿನ ಜಾಗದಲ್ಲಿ ಒಂದು ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತಾ ಅಲಾರಂ ಯಾವ ಅಂಕಿಗೆ ಹೊತ್ತಿತು, ಯಾವುದಕ್ಕೆ ಆರಿತು ಎಂದು ಬರೆದುಕೊಳ್ಳಿ. ಫರ್ಮ್‌ವೇರ್ ಹೊಸದಾದಾಗ ಇದನ್ನು ಮತ್ತೊಮ್ಮೆ ಮಾಡಿ, ಕಾನ್ಫಿಗರೇಷನ್ ಫೈಲಿನ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಹಳೆಯ ಮೀಟರಿನಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಕೀ ತಿರುಗಿಸಿದಾಗ, ಎಂಜಿನ್ ಶುರುವಾಗುವ ಮೊದಲು, ಆಯಿಲ್ ದೀಪ ಕೆಂಪಾಗಿ ಹೊತ್ತಿ, ತಾನು ಬದುಕಿದ್ದೇನೆ ಎಂದು ತೋರಿಸುತ್ತಿತ್ತು. ಈ ಡಿಸ್‌ಪ್ಲೇ ಶುರುವಿನ ಎಂಟು ಸೆಕೆಂಡ್ ಎಲ್ಲ ಅಲಾರಂಗಳನ್ನೂ ತಡೆದು ಆ ಪದ್ಧತಿಯನ್ನು ಕಳೆದಿತ್ತು. ಆ ತಡೆಯನ್ನು ಸೊನ್ನೆ ಮಾಡಿ, ಆರ್‌ಪಿಎಂ 500ಕ್ಕಿಂತ ಕೆಳಗಿರುವಾಗ ಆಯಿಲ್ ಪ್ರೆಶರ್ ಶಬ್ದವಿಲ್ಲದೆ ಕೆಂಪಾಗಿ ಮಾತ್ರ ತೋರುವಂತೆ ಇನ್ನೊಂದು ಅಲಾರಂ ಕಟ್ಟಿದ್ದೇನೆ. ಈಗ ಪ್ರತಿ ಬೆಳಿಗ್ಗೆ ಕೀ ತಿರುಗಿಸಿ ಆ ಕೆಂಪನ್ನು ನೋಡಿದ ಮೇಲೆಯೇ ಸ್ಟಾರ್ಟ್ ಮಾಡುತ್ತೇನೆ.